ಆರು ವಾರದ ಗಡುವು

ಕೂದಲಿದ್ದವಳು ತುರುಬನ್ನಾದರೂ ಕಟ್ಟಿಯಾಳು, ಜಡೆಯನ್ನಾದರೂ ಹೆಣೆದಾಳು ಎಂಬ ಮಾತು ನಮ್ಮಲ್ಲಿ ಉಂಟು. ಉಳ್ಳವರಿಗೆ ಹೇಗೂ ನಡೆಯುತ್ತದೆ ಎಂಬುದು ಅದರ ತಾತ್ಪರ್ಯ. ಆದರೆ ತಲೆತುಂಬ ಕೂದಲಿದ್ದೂ ಅದನ್ನು ತಮಗೆ ಬೇಕಾದ ಹಾಗೆ ಕಟ್ಟಿಕೊಳ್ಳುವ ಸ್ವಾತಂತ್ರ್ಯವಿಲ್ಲದ ಹೆಂಗಸರೂ ಜಗತ್ತಿನಲ್ಲಿ ಇದ್ದರು. ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ಗುಲಾಮರಾಗಿ ಸಾಗಿಸಲ್ಪಟ್ಟ ಆಫ್ರಿಕದ ಜನರ ವಂಶಸ್ಥರ ವೃತ್ತಾಂತ ಇದು. ಅವರ ಕೂದಲು ಹುಟ್ಟಿನಿಂದಲೇ ಒತ್ತಾದ ಸುರುಳಿ. ನೆಟ್ಟಗೆ ಇಳಿಬೀಳುವ ಕೂದಲು ಮಾತ್ರವೇ ಸಭ್ಯವೆಂದು ತೀರ್ಮಾನಿಸಿಕೊಂಡಿದ್ದ ಸಮಾಜದ ನಡುವೆ ಅವರು ಬಾಳಬೇಕಾಯಿತು. ಆ ಸುರುಳಿಯನ್ನು ಬಿಡಿಸುವುದಕ್ಕಾಗಿ ಬಂದ ಕ್ಷಾರದ ಲೇಪಕ್ಕೆ ರಿಲ್ಯಾಕ್ಸರ್ ಎಂದು ಹೆಸರು. ಹೆಸರೇನೋ ಮೃದುವಾದದ್ದು; ಸಡಿಲಿಸುವಂಥದು ಎಂದು ಅದರ ಅರ್ಥ. ಕೆಲಸ ಮಾತ್ರ ಮೃದುವಲ್ಲ.

ಈ ಲೇಪವನ್ನು ಒಮ್ಮೆ ಹಚ್ಚಿದರೆ ಅಲ್ಲಿಗೆ ಮುಗಿಯಿತೆಂದಲ್ಲ. ಆರು ವಾರಕ್ಕೋ ಎಂಟು ವಾರಕ್ಕೋ ಮತ್ತೆ ಹಚ್ಚಬೇಕೆಂಬುದು ಅಂಗಡಿಯವರ ಮತ್ತು ಕೇಶಾಲಂಕಾರದವರ ವಾಡಿಕೆಯ ಮಾತು. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವಣ ಈ ಅವಧಿಯನ್ನು ಎಷ್ಟು ದೂರ ಎಳೆಯಬಹುದು ಎಂಬುದು ಮೇಲ್ನೋಟಕ್ಕೆ ಕನ್ನಡಿಯ ಮುಂದಿನ ಸಣ್ಣ ಪ್ರಶ್ನೆ. ಆದರೆ ಅದರ ಬೆನ್ನು ಹತ್ತಿ ಹೋದರೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯೊಂದು ಬಿಚ್ಚಿಕೊಳ್ಳುತ್ತದೆ. ಗಡುವನ್ನು ಇಟ್ಟವರು ಯಾರು, ಅದನ್ನು ಮುಂದಕ್ಕೆ ಹಾಕಿದವರು ಯಾರು, ಹಾಗೆ ಹಾಕಿದ್ದರಿಂದ ಆದದ್ದೇನು ಎಂಬುದನ್ನು ಇಲ್ಲಿ ನೋಡೋಣ.

ಕೂದಲಿನ ಮೇಲೆ ಸರ್ಕಾರದ ಕಣ್ಣು ಬಿದ್ದದ್ದು ರಸಾಯನಗಳ ಕಾಲಕ್ಕಿಂತ ಬಹಳ ಹಿಂದೆ. ಲೂಯಿಸಿಯಾನ ಪ್ರಾಂತ ಸ್ಪೇನಿನ ಅಧೀನದಲ್ಲಿದ್ದಾಗ, 1786ರಲ್ಲಿ, ಅಲ್ಲಿನ ಗವರ್ನರ್ ಎಸ್ತೆಬಾನ್ ಮಿರೊ ಒಂದು ಆಜ್ಞೆ ಹೊರಡಿಸಿದ. ಗುಲಾಮಗಿರಿಯಿಂದ ಮುಕ್ತರಾಗಿದ್ದ ಕಪ್ಪು ಹೆಂಗಸರು ತಲೆಗೆ ಗರಿ, ಒಡವೆಗಳನ್ನು ಮುಡಿಯಕೂಡದು, ಕೂದಲನ್ನು ವಸ್ತ್ರದಿಂದ ಮುಚ್ಚಿಕೊಳ್ಳಬೇಕು ಎಂಬುದು ಅದರ ಸಾರಾಂಶ. ಆ ಹೆಂಗಸರು ಆಜ್ಞೆಯನ್ನು ಮೀರಲಿಲ್ಲ. ಆದರೆ ಬಣ್ಣಬಣ್ಣದ ವಸ್ತ್ರಗಳನ್ನು ತಲೆಗೆ ಸುತ್ತಿ, ಅವಮಾನವಾಗಲೆಂದು ಹೇರಿದ್ದನ್ನೇ ಅಲಂಕಾರ ಮಾಡಿಕೊಂಡರು. ಹೇರಿದ ಕಟ್ಟಳೆಯೊಳಗೇ ತಮ್ಮದೊಂದು ಜಾಗ ಮಾಡಿಕೊಳ್ಳುವ ಈ ಜಾಣತನ ಮುಂದೆಯೂ ಕಾಣಿಸುತ್ತದೆ.

1865ರಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಕೊನೆಗೊಂಡಿತು. ಬಿಡುಗಡೆಯಾದವರು ಕೂಲಿಗೋ, ಮನೆಗೆಲಸಕ್ಕೋ, ಶಾಲೆಗೋ ಹೋಗಬೇಕಾದಾಗ ಅವರ ಮೈಬಣ್ಣದೊಡನೆ ಕೂದಲೂ ಪರೀಕ್ಷೆಗೆ ಒಳಗಾಯಿತು. ಆಗ ಅವರ ನೆರವಿಗೆ ಬಂದದ್ದು ಒಲೆಯ ಮೇಲೆ ಕಾಯಿಸಿದ ಲೋಹದ ಬಾಚಣಿಗೆ. ಇದನ್ನು ಕಂಡುಹಿಡಿದಾಕೆ ಮೇಡಂ ಸಿ. ಜೆ. ವಾಕರ್ ಎಂದು ಹೇಳುವುದುಂಟು, ಅದು ಸರಿಯಲ್ಲ. ಅಂಥ ಬಾಚಣಿಗೆ ಯುರೋಪಿನಲ್ಲಿ ಮೊದಲೇ ಬಳಕೆಯಲ್ಲಿತ್ತು. ವಾಕರ್ ಎಂದು ಹೆಸರಾದ ಸಾರಾ ಬ್ರೀಡ್‌ಲವ್ ಹುಟ್ಟಿದ್ದು 1867ರಲ್ಲಿ, ಲೂಯಿಸಿಯಾನದ ಡೆಲ್ಟಾ ಎಂಬ ಊರಿನಲ್ಲಿ. ತಂದೆತಾಯಿ ಗುಲಾಮರಾಗಿದ್ದವರು. ಏಳು ವರ್ಷಕ್ಕೆ ಆಕೆ ಅನಾಥೆ. ಬಹುಕಾಲ ಬಟ್ಟೆ ಒಗೆದು ಜೀವನ ಮಾಡಿದಳು. ನೆತ್ತಿಯ ರೋಗದಿಂದ ಕೂದಲು ಉದುರಿ ಸಂಕಟಪಟ್ಟಾಗ ಔಷಧ ಹುಡುಕಿ, ಆನಿ ಟರ್ನ್‌ಬೊ ಮೆಲೋನ್ ಎಂಬ ಇನ್ನೊಬ್ಬ ಕಪ್ಪು ಉದ್ಯಮಿಯ ಸಾಮಾನು ಮಾರಿ, ಕೊನೆಗೆ ತನ್ನದೇ ಉದ್ಯಮ ಕಟ್ಟಿದಳು. ಕೂದಲನ್ನು ನೆಟ್ಟಗೆ ಮಾಡುವವಳು ಎಂದು ಕರೆಸಿಕೊಳ್ಳುವುದು ಆಕೆಗೆ ಇಷ್ಟವಿರಲಿಲ್ಲ. ನೆತ್ತಿಯನ್ನು ಶುಚಿಯಾಗಿಟ್ಟು ಕೂದಲನ್ನು ಬೆಳೆಸುವುದೇ ತನ್ನ ಕೆಲಸವೆಂದು ಆಕೆ ಹೇಳಿಕೊಳ್ಳುತ್ತಿದ್ದಳು. 1919ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಸಾವಿರಾರು ಹೆಂಗಸರು ಆಕೆಯ ಪದ್ಧತಿಯನ್ನು ಕಲಿತು ಸ್ವತಂತ್ರವಾಗಿ ಸಂಪಾದಿಸುತ್ತಿದ್ದರು. ಮೆಲೋನ್ 1918ರಲ್ಲಿ ಸೇಂಟ್ ಲೂಯಿ ನಗರದಲ್ಲಿ ಪೋರೊ ಕಾಲೇಜನ್ನೇ ಕಟ್ಟಿಸಿದಳು. ಬಿಳಿಯರ ಕಚೇರಿ ಕಾರ್ಖಾನೆಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಕೂದಲೇ ಒಂದು ಜನಾಂಗದ ಹೆಂಗಸರಿಗೆ ಅನ್ನದ ದಾರಿಯಾಯಿತೆಂಬುದನ್ನು ಮರೆಯಬಾರದು.

ಬಿಸಿ ಬಾಚಣಿಗೆಯ ಕಾಲದಲ್ಲಿ ಅವಧಿ ಬಹಳ ಚಿಕ್ಕದು. ಶಾಖ ಕೂದಲಿನ ಒಳಗಿನ ದುರ್ಬಲ ಬಂಧಗಳನ್ನಷ್ಟೇ ಬದಲಿಸುತ್ತದೆ. ನೀರು ತಾಕಿದೊಡನೆ ಅವು ಮೊದಲಿನಂತಾಗುತ್ತವೆ. ಮಳೆ ಬಂದರೆ, ಬೆವರಿದರೆ, ಈಜಿದರೆ, ಗಂಟೆಗಟ್ಟಲೆ ಒಲೆಯ ಮುಂದೆ ಕೂತು ಮಾಡಿಸಿಕೊಂಡ ಕೆಲಸವೆಲ್ಲ ವ್ಯರ್ಥ. ಭಾನುವಾರದ ಚರ್ಚಿಗಾಗಿ ಶನಿವಾರ ರಾತ್ರಿ ಅಡುಗೆಮನೆಯಲ್ಲಿ ತಾಯಿಯ ಮುಂದೆ ಕಿವಿ ಮಡಚಿ ಹಿಡಿದು ಕೂರುವುದು ಹುಡುಗಿಯರ ಪಾಲಿಗೆ ವಾರವಾರದ ವ್ರತವಾಗಿತ್ತು. ಹೀಗಿರಲು, ನೀರಿಗೆ ಹೆದರದ ನೇರ ಕೂದಲು ಬರುವುದಾದರೆ ಯಾರಿಗೆ ಬೇಡ?

ಅಂಥದೊಂದು ದಾರಿ ಆಕಸ್ಮಿಕವಾಗಿ ಕಂಡಿತೆಂದು ಹೇಳುತ್ತಾರೆ. ಕ್ಲೀವ್‌ಲೆಂಡಿನಲ್ಲಿ ಹೊಲಿಗೆಯಂತ್ರದ ಅಂಗಡಿ ಇಟ್ಟುಕೊಂಡಿದ್ದ ಗ್ಯಾರೆಟ್ ಮಾರ್ಗನ್ ಎಂಬ ಕಪ್ಪು ಜನಾಂಗದ ಕುಶಲಿ, ಓಡುವ ಸೂಜಿ ಬಟ್ಟೆಯನ್ನು ಸುಡದಿರಲೆಂದು ಒಂದು ದ್ರವವನ್ನು ತಯಾರಿಸುತ್ತಿದ್ದ. ಕೈಯನ್ನು ಉಣ್ಣೆಯ ಬಟ್ಟೆಗೆ ಒರೆಸಿದಾಗ ಅದರ ಎಳೆಗಳು ನೆಟ್ಟಗಾದುದನ್ನು ಕಂಡು, ನೆರೆಮನೆಯ ನಾಯಿಯ ಮೇಲೆ ಪ್ರಯೋಗಿಸಿ, ಆಮೇಲೆ ತನ್ನ ತಲೆಗೇ ಹಚ್ಚಿಕೊಂಡನಂತೆ. ಕಥೆಯಲ್ಲಿ ಉಪ್ಪುಕಾರ ಎಷ್ಟಿದ್ದರೂ, 1913ರ ವೇಳೆಗೆ ಅವನು ಕೇಶಸಂಸ್ಕಾರದ ಕಂಪನಿ ನಡೆಸುತ್ತಿದ್ದುದು ನಿಜ. ಹೊಗೆಯಲ್ಲಿ ಉಸಿರಾಡಲು ನೆರವಾಗುವ ಮುಸುಕಿಗೂ, 1923ರಲ್ಲಿ ರಸ್ತೆಯ ಸಂಚಾರ ಸೂಚಕಕ್ಕೂ ಪೇಟೆಂಟ್ ಪಡೆದವನು ಇವನೇ.

ರಸಾಯನದ ಮಾರ್ಗವನ್ನು ಮೊದಲು ಹಿಡಿದವರು ಹೆಚ್ಚಾಗಿ ಗಂಡಸರು. ಕಾಂಕ್ ಎಂದು ಅದಕ್ಕೆ ಬೀದಿಯ ಹೆಸರು. ಆಲೂಗೆಡ್ಡೆ, ಮೊಟ್ಟೆ, ಇವುಗಳ ಜೊತೆಗೆ ಕೊಳಾಯಿ ತೊಳೆಯುವ ಕಾಸ್ಟಿಕ್ ಸೋಡ: ಇಷ್ಟನ್ನು ಕಲಸಿ ತಲೆಗೆ ಬಳಿಯುತ್ತಿದ್ದರು. ಉರಿ ತಾಳುವಷ್ಟು ಹೊತ್ತು ತಾಳಿ, ಆಮೇಲೆ ನಲ್ಲಿಗೆ ಓಡಬೇಕು. ಸಂಗೀತಗಾರರು, ಪೇಟೆಯ ಷೋಕಿಗಾರರು ಇದನ್ನು ಮಾಡಿಸಿಕೊಂಡರು. 1965ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಮಾಲ್ಕಮ್ ಎಕ್ಸ್, ಹರೆಯದಲ್ಲಿ ತಾನು ಪಟ್ಟ ಈ ಯಾತನೆಯನ್ನು ವಿವರಿಸಿ, ಆತ್ಮಗೌರವವನ್ನು ಕಳೆದುಕೊಳ್ಳುವ ಹಾದಿಯಲ್ಲಿ ಅದೊಂದು ದೊಡ್ಡ ಹೆಜ್ಜೆಯಾಗಿತ್ತೆಂದು ಹಳಿದುಕೊಂಡಿದ್ದಾನೆ.

ಈ ಬೀದಿಯ ಪಾಕವನ್ನು ಡಬ್ಬಿಯ ಸರಕಾಗಿ ಮಾಡಿದವರಲ್ಲಿ ಷಿಕಾಗೊ ನಗರದ ಜಾರ್ಜ್ ಜಾನ್ಸನ್ ಪ್ರಮುಖ. 1954ರಲ್ಲಿ ಅವನೂ ಹೆಂಡತಿ ಜೋನಳೂ ಸೇರಿ ಕಂಪನಿ ಆರಂಭಿಸಿದರು. ವ್ಯಾಪಾರಕ್ಕೆಂದು ಕೇಳಿದಾಗ ಸಿಗದ 250 ಡಾಲರ್ ಸಾಲ, ರಜೆಯ ಪ್ರವಾಸಕ್ಕೆಂದು ಕೇಳಿದಾಗ ಸಿಕ್ಕಿತೆಂದು ಅವನೇ ಹೇಳಿಕೊಂಡಿದ್ದಾನೆ. ಮೊದಲ ಸರಕು ಗಂಡಸರಿಗೆ. ಬೇಗನೆ ಹೆಂಗಸರ ರಿಲ್ಯಾಕ್ಸರ್ ಬಂತು. 1971ರಲ್ಲಿ ಈ ಕಂಪನಿ ಅಮೆರಿಕನ್ ಸ್ಟಾಕ್ ಎಕ್ಸ್‌ಚೇಂಜಿನ ಪಟ್ಟಿಗೆ ಸೇರಿದಾಗ, ಕಪ್ಪು ಜನರ ಒಡೆತನದ ಕಂಪನಿಗೆ ಅಂಥ ಸ್ಥಾನ ದೊರೆತದ್ದು ಅದೇ ಮೊದಲು. ನಾಲ್ಕು ವರ್ಷ ಕಳೆಯುವುದರೊಳಗೆ, 1975ರಲ್ಲಿ, ಸರ್ಕಾರದ ವ್ಯಾಪಾರ ಆಯೋಗ ಡಬ್ಬಿಯ ಮೇಲೆ ಅಪಾಯದ ಎಚ್ಚರಿಕೆ ಅಚ್ಚು ಮಾಡಬೇಕೆಂದು ಜಾನ್ಸನ್‌ನ ಕಂಪನಿಯನ್ನು ಒಪ್ಪಿಸಿತು. ಅದೇ ಕ್ಷಾರವನ್ನು ಮಾರುತ್ತಿದ್ದ ದೊಡ್ಡ ಪ್ರತಿಸ್ಪರ್ಧಿ ರೆವ್ಲಾನ್‌ಗೆ ಅಂಥ ಆದೇಶ ಬಂದದ್ದು ಬಹಳ ತಡವಾಗಿ. ಆ ನಡುವೆ ಜಾನ್ಸನ್ ಕಳೆದುಕೊಂಡ ಮಾರುಕಟ್ಟೆ ಮರಳಿ ಪೂರ್ತಿ ಕೈಗೆ ಬರಲಿಲ್ಲ.

ಇಷ್ಟಕ್ಕೂ ಆರು ವಾರದ ಲೆಕ್ಕ ಬಂದದ್ದೆಲ್ಲಿಂದ? ಅದಕ್ಕೆ ಕೂದಲಿನ ರಚನೆಯನ್ನು ಸ್ವಲ್ಪ ತಿಳಿಯಬೇಕು. ಕೂದಲು ಕೆರಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಪ್ರೋಟೀನಿನ ಎಳೆಗಳನ್ನು ಎರಡೆರಡು ಗಂಧಕದ ಪರಮಾಣುಗಳ ಕೊಂಡಿಗಳು ಒಂದಕ್ಕೊಂದು ಬಿಗಿದಿರುತ್ತವೆ. ಕೂದಲು ತಾಳಿದ ಆಕಾರವನ್ನು ಭದ್ರವಾಗಿ ಹಿಡಿದಿಡುವುದರಲ್ಲಿ ಈ ಕೊಂಡಿಗಳ ಪಾತ್ರ ದೊಡ್ಡದು. ಕ್ಷಾರತೆಯನ್ನು ಅಳೆಯುವ 14ರ ಮಾನದಲ್ಲಿ 12ನ್ನೂ ದಾಟುವ ರಿಲ್ಯಾಕ್ಸರ್ ಲೇಪ ಈ ಕೊಂಡಿಗಳನ್ನು ಮುರಿದು, ಒಂದೇ ಗಂಧಕವುಳ್ಳ ಬೇರೆ ಕೊಂಡಿಯನ್ನು ಅಲ್ಲಿ ಕೂರಿಸುತ್ತದೆ. ಹೀಗೆ ಕೂತ ಕೊಂಡಿ ನೀರಿಗೆ ಬಗ್ಗುವುದಿಲ್ಲ, ಮೊದಲಿನ ರೂಪಕ್ಕೆ ಮರಳುವುದೂ ಇಲ್ಲ. ಆದ್ದರಿಂದ ಒಮ್ಮೆ ನೇರವಾದ ಎಳೆ ಉದುರುವ ತನಕವೂ ನೇರವೇ. ಜೊತೆಗೆ ಅದರ ಬಲವೂ ಸಾಕಷ್ಟು ಕುಂದಿರುತ್ತದೆ.

ಹಾಗಿದ್ದರೆ ಮತ್ತೆ ಮತ್ತೆ ಹಚ್ಚುವುದೇಕೆ? ನೆತ್ತಿಯೊಳಗಿನ ಬುಡಕ್ಕೆ ಈ ಲೇಪದ ಆಜ್ಞೆ ತಲಪುವುದಿಲ್ಲ. ಬುಡದಿಂದ ತಿಂಗಳಿಗೆ ಸುಮಾರು ಅರ್ಧ ಅಂಗುಲದಷ್ಟು ಕೂದಲು, ತನ್ನ ಹುಟ್ಟುಗುಣದ ಸುರುಳಿಯೊಡನೆಯೇ, ಹೊರಗೆ ಬರುತ್ತದೆ. ಆರು ವಾರಕ್ಕೆ ಮುಕ್ಕಾಲು ಅಂಗುಲ. ತುದಿ ನೇರ, ಬುಡ ಸುರುಳಿ. ಬೈತಲೆ ತೆಗೆದರೆ ಎದ್ದು ಕಾಣುತ್ತದೆ. ಆಗ ಹೊಸದಾಗಿ ಬಂದ ಬುಡಕ್ಕೆ ಮಾತ್ರ ಲೇಪ ಹಚ್ಚಬೇಕೆಂಬುದು ನಿಯಮ. ಹಳೆಯ ನೇರ ಭಾಗದ ಮೇಲೆ ಮತ್ತೆ ಬಿದ್ದರೆ, ಮೊದಲೇ ಸೊರಗಿದ ಎಳೆ ತುಂಡಾಗುತ್ತದೆ. ಮುಕ್ಕಾಲು ಅಂಗುಲದ ಪಟ್ಟಿಗೆ ಮಾತ್ರ, ಅಕ್ಕಪಕ್ಕ ತಾಕದಂತೆ, ಅದೂ ಕೆಲವೇ ನಿಮಿಷಗಳಲ್ಲಿ ಹಚ್ಚುವುದು ನುರಿತ ಕೈಗೂ ಕಷ್ಟ. ಗಡುವು ಹತ್ತಿರವಾದಷ್ಟೂ ಪಟ್ಟಿ ಕಿರಿದು. ಪಟ್ಟಿ ಕಿರಿದಾದಷ್ಟೂ ಹಳೆಯ ಕೂದಲಿಗೆ ತಗಲುವ ಅಪಾಯ ಹೆಚ್ಚು. ಆರು ವಾರದ ಗಡುವು ಕೂದಲಿನ ಹಿತವನ್ನು ನೋಡಿ ಇಟ್ಟದ್ದಲ್ಲ. ಬುಡ ಕಾಣಬಾರದೆಂಬ ಅಂಜಿಕೆಯನ್ನು ನೋಡಿ ಇಟ್ಟದ್ದು. ಆ ಅಂಜಿಕೆಯಿಂದ ಡಬ್ಬಿಗಳೂ ಬೇಗ ಖರ್ಚಾದವು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸೋಡ ಇಲ್ಲದ ರಿಲ್ಯಾಕ್ಸರ್ ಎಂಬ ಇನ್ನೊಂದು ಬಗೆಯೂ ಮುಂದೆ ಬಂತು. ಮನೆಯಲ್ಲೇ ಎರಡು ಪದಾರ್ಥಗಳನ್ನು ಬೆರೆಸಿ ಹಚ್ಚಿಕೊಳ್ಳುವಂಥದು. ನೆತ್ತಿ ಉರಿಯುವುದು ಕಡಮೆಯಾಯಿತಾದರೂ ಕ್ಷಾರ ಕ್ಷಾರವೇ. ಅದರ ಸುಣ್ಣದ ಅಂಶ ಕೂದಲಿನ ಮೇಲೆ ಕೂತು ಒಣಗಿಸುತ್ತಿತ್ತು. ಪೆಟ್ಟಿಗೆಯ ಮೇಲೆ ನಗುವ ಹುಡುಗಿಯರ ಚಿತ್ರವಿರುವ ಮಕ್ಕಳ ರಿಲ್ಯಾಕ್ಸರುಗಳೂ ಮಾರಾಟಕ್ಕೆ ಬಂದುವು. 1994ರಲ್ಲಿ, ಕಾಡಿನ ಸಸ್ಯಗಳಿಂದ ಮಾಡಿದ ನಿರಪಾಯ ವಸ್ತುವೆಂದು ಟೆಲಿವಿಷನ್ನಿನಲ್ಲಿ ಸಾರಿ ಮಾರಿದ ರಿಯೊ ಎಂಬ ಸರಕನ್ನು ಕೊಂಡ ಸಾವಿರಾರು ಜನ, ಕೂದಲು ಮುರಿದು ಉದುರಿತೆಂದು ಸರ್ಕಾರಕ್ಕೆ ದೂರು ಕೊಟ್ಟರು.

ಇಂಥ ಅನುಭವಗಳ ನಡುವೆ ಹೆಂಗಸರೇ ಒಂದು ವಿದ್ಯೆಯನ್ನು ಬೆಳೆಸಿಕೊಂಡರು. ಗಡುವನ್ನು ಎಳೆಯುವ ವಿದ್ಯೆ ಅದು. ಆರು ವಾರವನ್ನು ಹತ್ತಕ್ಕೆ, ಹತ್ತನ್ನು ಹನ್ನೆರಡಕ್ಕೆ, ಕೆಲವರು ಹದಿನಾರಕ್ಕೂ ಒಯ್ದರು. ಯಾವ ಕಂಪನಿಯೂ ಇದನ್ನು ಕಲಿಸಲಿಲ್ಲ. ತಾಯಿ ಮಗಳಿಗೆ, ಅಕ್ಕ ತಂಗಿಗೆ, ಕೇಶಾಲಂಕಾರದಾಕೆ ತನ್ನ ಗಿರಾಕಿಗೆ ಬಾಯಿಂದ ಬಾಯಿಗೆ ದಾಟಿಸಿದರು.

ಇದರ ಗುಟ್ಟು ಒಂದೇ. ಸುರುಳಿ ಮುಗಿದು ನೇರ ಆರಂಭವಾಗುವ ಸಂಧಿಯೇ ಎಳೆಯಲ್ಲಿ ಅತ್ಯಂತ ದುರ್ಬಲವಾದ ಜಾಗ. ವಾರಗಳು ಕಳೆದಂತೆ ಆ ಸಂಧಿಯನ್ನು ಕಾಪಾಡಬೇಕು. ಒಣಗಿದ ತಲೆಗೆ ಬಾಚಣಿಗೆ ಹಾಕಬಾರದು. ನೀರು ಮತ್ತು ನುಣುಪು ಕೊಡುವ ಕಂಡೀಷನರ್ ಹಾಕಿ, ಮೊದಲು ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸಬೇಕು. ತಲೆ ತೊಳೆಯುವಾಗ ಕೂದಲನ್ನು ನೆತ್ತಿಯ ಮೇಲೆ ಗುಡ್ಡೆ ಹಾಕದೆ ಭಾಗ ಭಾಗವಾಗಿ ತೊಳೆಯಬೇಕು. ಬುಡವನ್ನು ನೇರವಾಗಿಸುವುದಕ್ಕೆ ದಿನವೂ ಬಿಸಿ ಇಕ್ಕಳ ಹಿಡಿಯುವ ಬದಲು ತುದಿಯನ್ನೇ ಸುರುಳಿಯಾಗಿ ಮಾಡಿಕೊಳ್ಳುವುದು ಜಾಣತನ. ಒದ್ದೆ ಕೂದಲನ್ನು ಸಣ್ಣ ಕೊಳವೆಗಳಿಗೆ ಸುತ್ತಿಯೋ ಎರಡೆಳೆ ಹುರಿ ಹೆಣೆದೋ ಒಣಗಿಸಿದರೆ ಬುಡಕ್ಕೂ ತುದಿಗೂ ಭೇದವೇ ತೋರುವುದಿಲ್ಲ. ಕೆಲವರು ಈ ವಾರಗಳನ್ನು ಸಡಿಲವಾದ ಜಡೆಗಳಲ್ಲಿ ಕಳೆಯುತ್ತಾರೆ. ರಾತ್ರಿ ಹತ್ತಿಯ ದಿಂಬಿಗೆ ಉಜ್ಜದಂತೆ ತಲೆಗೆ ರೇಷ್ಮೆಯ ವಸ್ತ್ರ. ಮತ್ತೆ ಲೇಪ ಹಚ್ಚುವ ದಿನ ಬಂದರೆ, ಅದಕ್ಕೆ ಕೆಲವು ದಿನ ಮೊದಲಿನಿಂದ ನೆತ್ತಿಯನ್ನು ಕೆರೆಯುವಂತಿಲ್ಲ, ಉಜ್ಜಿ ತೊಳೆಯುವಂತಿಲ್ಲ. ಕೆರೆದ ಜಾಗಕ್ಕೆ ಕ್ಷಾರ ಬಿದ್ದರೆ ಬೊಬ್ಬೆ ಏಳುತ್ತದೆ.

ಈ ವಿದ್ಯೆಗೂ ಒಂದು ಎಲ್ಲೆ ಇದೆ. ಸಿಕ್ಕು ಬಿಡಿಸುವ ತಾಳ್ಮೆಯಿಲ್ಲದೆ ತಿಂಗಳುಗಟ್ಟಲೆ ಎಳೆದರೆ, ರಸಾಯನ ಮುರಿಯಬೇಕಾದ ಕೂದಲನ್ನು ಬಾಚಣಿಗೆಯೇ ಮುರಿಯುತ್ತದೆ. ಎಷ್ಟು ವಾರ ಎಂಬುದಕ್ಕೆ ಎಲ್ಲರಿಗೂ ಒಂದೇ ಅಳತೆಯಿಲ್ಲ. ಸಂಧಿಯಲ್ಲಿ ಎಳೆಗಳು ತುಂಡಾಗಿ ಕೈಗೆ ಬರತೊಡಗಿದರೆ ಅದೇ ಸೂಚನೆ. ನಮ್ಮ ಪಟ್ಟಣಗಳ ಬ್ಯೂಟಿ ಪಾರ್ಲರುಗಳಲ್ಲಿ ಸ್ಟ್ರೇಟನಿಂಗ್ ಮಾಡಿಸಿಕೊಂಡವರಿಗೂ ಈ ಬುಡದ ಸಮಸ್ಯೆ ಪರಿಚಿತವೇ. ಆದರೆ ಅಲ್ಲಿ ಸಾಮಾನ್ಯವಾಗಿ ಬಳಸುವ ರಸಾಯನದ ಜಾತಿ ಬೇರೆ. ಒಂದನ್ನು ಹಚ್ಚಿದ ಕೂದಲಿಗೆ ಇನ್ನೊಂದನ್ನು ಹಚ್ಚಿದರೆ ಕೂದಲು ಉಳಿಯುವುದಿಲ್ಲ.

ಹೆಂಗಸರು ತಮ್ಮಷ್ಟಕ್ಕೆ ಗಡುವನ್ನು ಎಳೆಯಬಲ್ಲವರಾಗಿದ್ದರೂ ಹೊರಗಿನ ಜಗತ್ತು ಅದಕ್ಕೆ ಒಪ್ಪಬೇಕಲ್ಲ. 1960ರ ದಶಕದ ನಾಗರಿಕ ಹಕ್ಕುಗಳ ಹೋರಾಟದ ಕಾಲದಲ್ಲಿ ಸಹಜವಾದ ಸುರುಳಿ ಕೂದಲನ್ನು ಹಾಗೆಯೇ ಬಿಡುವುದು ಸ್ವಾಭಿಮಾನದ ಗುರುತಾಯಿತು. ಆದರೆ ಉದ್ಯೋಗದ ಸ್ಥಳದಲ್ಲಿ ಹಳೆಯ ಕಣ್ಣೇ ಉಳಿಯಿತು. ವಿಮಾನ ಕಂಪನಿಯೊಂದರ ನೌಕರಳೊಬ್ಬಳು ತಲೆತುಂಬ ಸಣ್ಣ ಜಡೆ ಹಾಕಿಕೊಳ್ಳುವ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋದಾಗ, 1981ರಲ್ಲಿ ತೀರ್ಪು ಆಕೆಗೆ ವಿರುದ್ಧವಾಗಿ ಬಂತು. ಅಧ್ಯಕ್ಷರ ಪತ್ನಿಯಾಗಿ ಎಂಟು ವರ್ಷ ಶ್ವೇತಭವನದಲ್ಲಿದ್ದ ಮಿಷೆಲ್ ಒಬಾಮ ಕೂಡ, ಜಡೆಗಳನ್ನು ನೋಡಲು ದೇಶ ಇನ್ನೂ ಸಿದ್ಧವಾಗಿರಲಿಲ್ಲವೆಂಬ ಕಾರಣಕ್ಕೆ ಆ ಅವಧಿಯಲ್ಲಿ ಕೂದಲನ್ನು ನೇರವಾಗಿಯೇ ಇರಿಸಿಕೊಂಡೆನೆಂದು 2022ರಲ್ಲಿ ಹೇಳಿದರು. ಅಷ್ಟು ಎತ್ತರದಲ್ಲಿದ್ದವರಿಗೇ ಹೀಗಾದರೆ, ಅಂಗಡಿಯಲ್ಲಿ ಗುಮಾಸ್ತೆಯಾಗಿರುವಾಕೆ ಎಂಟನೆಯ ವಾರದಲ್ಲಿ ಬುಡ ತೋರಿಸಿಕೊಂಡು ಕೆಲಸಕ್ಕೆ ಹೋಗುವುದು ಎಷ್ಟು ಧೈರ್ಯದ ಸಂಗತಿಯೆಂದು ಊಹಿಸಬಹುದು. ಸಹಜ ಕೂದಲಿನ ಕಾರಣಕ್ಕೆ ಭೇದ ಮಾಡಕೂಡದೆಂಬ ಕಾನೂನನ್ನು ಕ್ಯಾಲಿಫೋರ್ನಿಯ 2019ರಲ್ಲಿ ಎಲ್ಲಕ್ಕೂ ಮೊದಲು ತಂದಿತು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅದನ್ನು ಅನುಸರಿಸಿದುವು.

ಇಲ್ಲಿಯ ತನಕ ಗಡುವಿನ ಪ್ರಶ್ನೆ ಕೂದಲಿಗೆ, ಹಣಕ್ಕೆ, ಮಾನಕ್ಕೆ ಸಂಬಂಧಿಸಿದ್ದು. 2022ರ ಅಕ್ಟೋಬರಿನಲ್ಲಿ ಅದು ದೇಹದ ಆರೋಗ್ಯದ ಪ್ರಶ್ನೆಯೂ ಆಯಿತು. ಸ್ತನದ ಕ್ಯಾನ್ಸರ್ ಬಂದವರ ಅಕ್ಕತಂಗಿಯರನ್ನು ಸೇರಿಸಿಕೊಂಡು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ನಡೆಸುತ್ತಿದ್ದ ದೀರ್ಘ ಅಧ್ಯಯನವೊಂದರ ಫಲಿತಾಂಶ ಆಗ ಪ್ರಕಟವಾಯಿತು. 33,497 ಹೆಂಗಸರನ್ನು ಹೆಚ್ಚುಕಡಮೆ ಹನ್ನೊಂದು ವರ್ಷ ಗಮನಿಸಿದಾಗ 378 ಮಂದಿಗೆ ಗರ್ಭಕೋಶದ ಕ್ಯಾನ್ಸರ್ ಬಂದಿತ್ತು. ಕೂದಲು ನೇರಗೊಳಿಸುವ ರಸಾಯನವನ್ನು ಎಂದೂ ಬಳಸದವರಲ್ಲಿ 70ನೆಯ ವಯಸ್ಸಿನೊಳಗೆ ಈ ರೋಗ ಬರುವ ಸಂಭವ ನೂರಕ್ಕೆ 1.64 ಎಂದೂ, ಪದೇ ಪದೇ ಬಳಸಿದವರಲ್ಲಿ 4.05 ಎಂದೂ ಅಂದಾಜು ಮಾಡಲಾಯಿತು. ಪದೇ ಪದೇ ಎಂದರೆ ಹಿಂದಿನ ಒಂದು ವರ್ಷದಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚು.

ಈ ನಾಲ್ಕು ಎಂಬ ಸಂಖ್ಯೆಯನ್ನು ಹಳೆಯ ಗಡುವಿನ ಪಕ್ಕದಲ್ಲಿಟ್ಟು ನೋಡಬೇಕು. ಆರು ವಾರಕ್ಕೊಮ್ಮೆ ಹಚ್ಚಿದರೆ ವರ್ಷಕ್ಕೆ ಎಂಟೊಂಬತ್ತು ಸಲ. ಎಂಟು ವಾರಕ್ಕೊಮ್ಮೆಯಾದರೆ ಆರೇಳು ಸಲ. ಡಬ್ಬಿಯ ಮಾತಿನಂತೆ ನಡೆದ ವಿಧೇಯ ಗಿರಾಕಿಗಳೆಲ್ಲ ಪದೇ ಪದೇ ಬಳಸಿದವರ ಸಾಲಿಗೇ ಸೇರಿದರು. ಹನ್ನೆರಡು ವಾರ ಎಳೆದವಳು ನಾಲ್ಕಕ್ಕೆ ನಿಂತಳು. ಹದಿನಾರು ವಾರ ಎಳೆದವಳು ಮೂರಕ್ಕೆ. ತುದಿ ಮುರಿಯದಿರಲೆಂದು ಕಲಿತ ವಿದ್ಯೆ, ಯಾರೂ ಎಣಿಸದೆ ಇದ್ದ ಇನ್ನೊಂದು ಲೆಕ್ಕದಲ್ಲೂ ಜಮೆಯಾಗಿತ್ತು.

ಹಾಗೆಂದು, ಗಡುವನ್ನು ಎಳೆದರೆ ಸಾಕು, ಅಪಾಯ ದೂರವಾಯಿತು ಎಂದು ಹೇಳುವಂತಿಲ್ಲ. ಬಾಸ್ಟನ್ ವಿಶ್ವವಿದ್ಯಾಲಯದವರು ಸುಮಾರು 45 ಸಾವಿರ ಕಪ್ಪು ಹೆಂಗಸರನ್ನು ಕುರಿತು ನಡೆಸಿದ ಅಧ್ಯಯನದ ಫಲ 2023ರಲ್ಲಿ ಬಂತು. ಮುಟ್ಟು ನಿಂತ ಹೆಂಗಸರಲ್ಲಿ, ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚಾಗಿ ಅಥವಾ ಐದು ವರ್ಷಕ್ಕಿಂತ ಹೆಚ್ಚು ಕಾಲ ರಿಲ್ಯಾಕ್ಸರ್ ಬಳಸಿದವರಿಗೆ ಗರ್ಭಕೋಶದ ಕ್ಯಾನ್ಸರಿನ ಸಂಭವ ಒಂದೂವರೆ ಪಟ್ಟಿಗೂ ಮೀರಿದೆಯೆಂದು ಅದು ತಿಳಿಸಿತು. ಇಂಥ ಅಧ್ಯಯನಗಳು ಎರಡು ಸಂಗತಿಗಳು ಜೊತೆಜೊತೆಗೆ ಇರುವುದನ್ನು ತೋರಿಸುತ್ತವೆಯೇ ಹೊರತು ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧಪಡಿಸುವುದಿಲ್ಲ; ರೋಗ ಒಟ್ಟಿನಲ್ಲಿ ವಿರಳವೂ ಹೌದು. ಆದರೂ ಅಪಾಯ ಬಳಕೆಯ ಪ್ರಮಾಣದೊಡನೆ ಏರುವುದು ಕಂಡಿದೆ. 2022ರಿಂದ ಈಚೆಗೆ ತಯಾರಕರ ಮೇಲೆ ಹೂಡಿದ ಸಾವಿರಾರು ದಾವೆಗಳನ್ನು ಷಿಕಾಗೊ ನಗರದ ಫೆಡರಲ್ ನ್ಯಾಯಾಲಯದಲ್ಲಿ ಒಟ್ಟುಗೂಡಿಸಲಾಯಿತು. ಜಾನ್ಸನ್ 250 ಡಾಲರಿನಿಂದ ಉದ್ಯಮ ಆರಂಭಿಸಿದ ಊರೂ ಅದೇ.

ಗಡುವನ್ನು ಎಳೆಯುತ್ತ ಹೋದವರಲ್ಲಿ ಹಲವರಿಗೆ ಇನ್ನೊಂದು ಅನುಭವ ಆಯಿತು. ನಾಲ್ಕೈದು ತಿಂಗಳು ಕಳೆದಾಗ ಎರಡು ಅಂಗುಲದಷ್ಟು ಹೊಸ ಕೂದಲು ಬೆರಳಿಗೆ ಸಿಗುತ್ತದೆ. ಏಳೆಂಟು ವರ್ಷದ ಹುಡುಗಿಯಾಗಿದ್ದಾಗಲೇ ಮೊದಲ ಲೇಪ ಹಚ್ಚಿಸಿಕೊಂಡವಳಿಗೆ ತನ್ನ ಕೂದಲಿನ ಸ್ವಂತ ಗುಣ ಏನೆಂಬುದೇ ಗೊತ್ತಿರುವುದಿಲ್ಲ. ಅದು ಎಷ್ಟು ಮೆತ್ತಗಿದೆ, ಯಾವ ಬಗೆಯ ಸುರುಳಿ ಎಂಬುದನ್ನು ಆಕೆ ಬೆಳೆದು ದೊಡ್ಡವಳಾದ ಮೇಲೆ ಕಲಿಯುತ್ತಾಳೆ. ಕೆಲವರು ಅಲ್ಲಿಗೇ ರಿಲ್ಯಾಕ್ಸರನ್ನು ಬಿಟ್ಟು, ನೇರ ತುದಿಗಳನ್ನು ಕತ್ತರಿಸಿ ಹಾಕಿದರು. ಇಪ್ಪತ್ತೊಂದನೆಯ ಶತಮಾನದಲ್ಲಿ ಹೀಗೆ ಬಿಟ್ಟವರ ಸಂಖ್ಯೆ ಬೆಳೆದು ರಿಲ್ಯಾಕ್ಸರಿನ ಮಾರಾಟ ಗಣನೀಯವಾಗಿ ಇಳಿಯಿತು. ಇನ್ನು ಕೆಲವರು ನೇರ ಕೂದಲೇ ತಮಗೆ ಇಷ್ಟವೆಂದು, ವರ್ಷಕ್ಕೆರಡು ಸಲವೋ ಮೂರು ಸಲವೋ ಹಚ್ಚುತ್ತ ಮುಂದುವರಿದಿದ್ದಾರೆ. ಇವರಲ್ಲಿ ಒಬ್ಬರನ್ನು ಹೊಗಳಿ ಇನ್ನೊಬ್ಬರನ್ನು ತೆಗಳುವುದು ಹೊರಗಿನವರ ಕೆಲಸವಲ್ಲ. ಇಷ್ಟು ದಿನ ಹೆಂಗಸರ ತಲೆಯ ಮೇಲೆ ತೀರ್ಪು ಕೊಟ್ಟವರೆಲ್ಲ ಹೊರಗಿನವರೇ.

ಒಬ್ಬಳು ಹದಿನಾರನೆಯ ವಾರ ಮತ್ತೆ ಡಬ್ಬಿ ತೆರೆಯಲಿ, ಇನ್ನೊಬ್ಬಳು ಎಂದಿಗೂ ತೆರೆಯದಿರಲಿ. ವಾರಗಳನ್ನು ಎಣಿಸುವ ಕೆಲಸ ಅಂಗಡಿಯವನಿಂದಲೂ ಕಚೇರಿಯ ಮೇಲಧಿಕಾರಿಯಿಂದಲೂ ಜಾರಿ ಆಕೆಯ ಕೈಗೆ ಬಂದಿದೆ. ಹಾಗೆ ಬರುವುದಕ್ಕೆ ಕಾನೂನು ಬೇಕಾಯಿತು, ವೈದ್ಯರ ಲೆಕ್ಕ ಬೇಕಾಯಿತು. ಅವೆರಡೂ ಇಲ್ಲದ ಕಾಲದಲ್ಲಿ ರೇಷ್ಮೆಯ ವಸ್ತ್ರ ಸುತ್ತಿಕೊಂಡು, ಎರಡು ವಾರ ಹೆಚ್ಚಿಗೆ ತಾಳಿಕೊಂಡ ಹೆಂಗಸರ ಮೊಂಡುತನವೂ ಬೇಕಾಯಿತು. ಬುಡದ ಕೂದಲು ಮಾತ್ರ ಈ ಎಲ್ಲ ವರ್ಷಗಳಲ್ಲೂ ಯಾರ ಅಪ್ಪಣೆಗೂ ಕಾಯದೆ ತಿಂಗಳಿಗೆ ಅರ್ಧ ಅಂಗುಲ ಬೆಳೆಯುತ್ತಲೇ ಬಂದಿತ್ತು.